ಕಣ್ಣಿಗೆ ಕಾಣದ್ದನ್ನು ಕಳಿಸಬೇಕಿಲ್ಲ

ನಾನು ಕ್ರಿಕೆಟ್ ನೋಡುವುದಿಲ್ಲ, ಹುಲ್ಲು ನೋಡುತ್ತೇನೆ. ಯಾರ ಮನೆಗೇ ಹೋಗಲಿ, ಟಿ.ವಿ.ಯಲ್ಲಿ ಮ್ಯಾಚು ನಡೆಯುತ್ತಿದ್ದರೆ ಸೋಫಾ ಬಿಟ್ಟೆದ್ದು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನಿಲ್ಲುತ್ತೇನೆ. ಬೌಲರು ಓಡಿ ಬರುವಾಗ ಅವನ ಹಿಂದಿನ ಹುಲ್ಲು ಹುಲ್ಲಾಗಿಯೇ ಉಳಿದಿದೆಯೋ ಅಥವಾ ಹಸಿರು ಬಳಿದ ಸಿಮೆಂಟಿನ ನೆಲವಾಗಿದೆಯೋ ಎಂಬುದಷ್ಟೇ ನನ್ನ ಚಿಂತೆ. ಹಿಂದಿನಿಂದ, "ರೀ, ಸ್ವಲ್ಪ ಸರೀರಿ, ಸ್ಕೋರ್ ಕಾಣ್ತಿಲ್ಲ" ಎಂಬ ಕೂಗು ಬರುತ್ತದೆ. ಆಗ ನನ್ನ ಹೆಂಡತಿ ಸುಮಾ ಮನೆಯವರ ಕಡೆ ತಿರುಗಿ, "ಬೇಜಾರ್ ಮಾಡ್ಕೋಬೇಡಿ, ಇವ್ರ ಕೆಲಸಾನೇ ಅದು, ಹುಲ್ಲು ನೋಡೋದು" ಎನ್ನುತ್ತಾಳೆ. ದನ ಕಾಯುವವನನ್ನು ಪರಿಚಯ ಮಾಡಿಕೊಟ್ಟಂತಿರುತ್ತದೆ ಅವಳ ದನಿ.

ಆದರೆ ಅವಳು ಹೇಳುವುದು ನಿಜವೇ. ಹೆಬ್ಬಾಳದ ಹತ್ತಿರದ ಒಂದು ಗಾಜಿನ ಕಟ್ಟಡದಲ್ಲಿ ಕೂತು ಟಿ.ವಿ. ಚಿತ್ರಗಳನ್ನು ಹಿಂಡಿ ಸಣ್ಣದು ಮಾಡುವುದು ನನ್ನ ಉದ್ಯೋಗ. ಕ್ಯಾಮೆರಾ ಕಂಡದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ನಿಮ್ಮ ಮನೆಗೆ ಕಳಿಸಲು ಹೊರಟರೆ ಯಾವ ತಂತಿಯೂ ಸಾಲದು, ಯಾವ ಗಾಳಿಯೂ ಸಾಲದು. ಅದಕ್ಕೆ ಮನುಷ್ಯನ ಕಣ್ಣಿಗೆ ಏನೇನು ಕಾಣುವುದಿಲ್ಲವೋ ಅದನ್ನೆಲ್ಲ ಹುಡುಕಿ ಹುಡುಕಿ ಕಿತ್ತು ಬಿಸಾಡಿ, ಉಳಿದದ್ದನ್ನು ಮಾತ್ರ ಕಳಿಸುತ್ತೇವೆ. ನೀವು ಪೂರ್ತಿ ಚಿತ್ರ ನೋಡಿದೆವೆಂದುಕೊಂಡು ನೆಮ್ಮದಿಯಾಗಿ ಕಾಫಿ ಕುಡಿಯುತ್ತೀರಿ. ಹಾಲಿಗೆ ನೀರು ಬೆರೆಸುವವನಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ: ಅವನನ್ನು ಬೈಯುತ್ತಾರೆ, ನನಗೆ ಸಂಬಳ ಕೊಡುತ್ತಾರೆ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನೆಲ್ಲ ಅಮ್ಮನಿಗೆ ವಿವರಿಸಿದ್ದೆ. ಅವಳು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡು, "ಕಣ್ಗೆ ಕಾಣ್ದೇ ಇರೋ ಜಾಗ ಬಿಟ್ಬಿಡೋಕೆ ಇಂಜಿನಿಯರ್ ಓದ್ಬೇಕಿತ್ತೇನೋ? ಚಿಕ್ಕೋನಾಗಿದ್ದಾಗ್ಲೇ ನೀನು ಮಂಚದ ಕೆಳ್ಗೆ ಕಸ ಗುಡಿಸ್ತಿರ್ಲಿಲ್ಲ" ಎಂದಳು. ಅಲ್ಲಿಗೆ ನನ್ನ ವಿದ್ಯೆಯ ವಿಚಾರ ನಮ್ಮ ಮನೆಯಲ್ಲಿ ಇತ್ಯರ್ಥವಾಯಿತು.

ಕಣ್ಣು ಎಂಥ ಸೋಮಾರಿ ಎಂಬುದನ್ನು ನಾನು ಮೊದಲು ಕಂಡದ್ದು ಯಲಹಂಕದ ಹಳೇ ಊರಿನಲ್ಲಿ, ಚನ್ನಪ್ಪ ಮಾವನ ಪಡಸಾಲೆಯಲ್ಲಿ. ಚನ್ನಪ್ಪ ಮಾವ ಅಮ್ಮನ ಒಬ್ಬನೇ ತಮ್ಮ. ಅವನನ್ನು ನಾನು ಏಕವಚನದಲ್ಲೇ ಮಾತಾಡಿಸುವುದು. ಒಮ್ಮೆ ಕಾಲೇಜಿನಿಂದ ಬಂದ ಹುಮ್ಮಸ್ಸಿನಲ್ಲಿ ಬಹುವಚನ ಹಾಕಿದ್ದಕ್ಕೆ, "ಯಾಕ್ಲಾ, ನಾನೇನ್ ತಹಸೀಲ್ದಾರ್ರಾ?" ಎಂದು ರೇಗಿದ್ದ. ನಾನು ಹುಡುಗನಾಗಿದ್ದ ಕಾಲಕ್ಕೆ ಅವನ ರಾಗಿ ಹೊಲ ಇನ್ನೂ ಲೇಔಟಾಗಿರಲಿಲ್ಲ. ನಮ್ಮ ಬೀದಿಗೆ ಮೊದಲ ಟಿ.ವಿ. ತಂದವನು ಅವನೇ, ಅದೂ ಕಪ್ಪು ಬಿಳುಪಿನದು. ತಂದ ಕೆಲವೇ ದಿನಗಳಲ್ಲಿ ಪಕ್ಕದ ಬೀದಿಗೆ ಕಲರ್ ಟಿ.ವಿ. ಬಂದುಬಿಟ್ಟಿತು. ಮಾವನಿಗೆ ಊಟ ರುಚಿಸಲಿಲ್ಲ. ಯಶವಂತಪುರದ ಸಂತೆಗೆ ಹೋದವನು ಸುರುಳಿ ಸುತ್ತಿದ ಒಂದು ಪ್ಲಾಸ್ಟಿಕ್ ಹಾಳೆ ಹಿಡಿದು ಬಂದ. ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಅದನ್ನು ಟಿ.ವಿ. ಗಾಜಿನ ಮುಂದೆ ಅಂಟಿಸಿ, "ತಗಳಿ, ಕಲರ್ರು" ಎಂದ.

ಆವತ್ತಿನಿಂದ ನಮ್ಮ ಬೀದಿಯವರಿಗೆ ವಾರ್ತೆ ಓದುವವರ ಕೂದಲು ನೀಲಿ, ಮುಖ ಕಿತ್ತಳೆ, ಕೋಟು ಹಸಿರು. ಸಿನಿಮಾದ ನಾಯಕ ಕಾಡಿನಲ್ಲಿ ಕುಣಿದರೂ ಸಮುದ್ರದಲ್ಲಿ ಈಜಿದರೂ ಕಾಲ ಬಳಿ ಹುಲ್ಲೇ ಹುಲ್ಲು. ಆದರೂ ಒಬ್ಬರಾದರೂ ಆಕ್ಷೇಪ ಎತ್ತಲಿಲ್ಲ. "ಚನ್ನಪ್ಪನ ಕಲರ್ ಟೀವಿ" ನೋಡಲು ಪಕ್ಕದ ಬೀದಿಯವರೂ ಬರತೊಡಗಿದರು. ಎಷ್ಟೋ ವರ್ಷದ ಮೇಲೆ ಇಂಜಿನಿಯರಿಂಗ್ ಪುಸ್ತಕದಲ್ಲಿ ಓದಿದೆ: ಮನುಷ್ಯನ ಕಣ್ಣು ಬೆಳಕು ನೆರಳಿನ ಲೆಕ್ಕದಲ್ಲಿ ಬಲು ಚುರುಕು, ಬಣ್ಣದ ಲೆಕ್ಕದಲ್ಲಿ ಬಲು ಸಡಿಲ, ಹಾಗಾಗಿ ಬಣ್ಣದ ವಿವರವನ್ನು ಅರ್ಧಕ್ಕರ್ಧ ಕತ್ತರಿಸಿ ಕಳಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಾವು ಅರ್ಧ ಕತ್ತರಿಸಲು ಹೆದರಿ ಹೆದರಿ ಮುಂದುವರಿದರೆ, ಮಾವ ಬಣ್ಣವನ್ನು ಪೂರ್ತಿ ಬಿಟ್ಟು ಒಂದು ಹಾಳೆಯಲ್ಲಿ ಮುಗಿಸಿದ್ದ.

ಬಣ್ಣ ಕತ್ತರಿಸುವುದು ಒಂದು ಉಪಾಯವಾದರೆ, ಬದಲಾಗದ್ದನ್ನು ಮತ್ತೆ ಕಳಿಸದಿರುವುದು ಇನ್ನೊಂದು. ಇದೂ ನಮ್ಮವರಿಗೆ ಹೊಸದಲ್ಲ. ಅಮ್ಮ ಪ್ರತಿ ಭಾನುವಾರ ಮಾಕಳಿಯಲ್ಲಿರುವ ತನ್ನ ತಂಗಿಗೆ ಫೋನು ಮಾಡುತ್ತಾಳೆ. "ಏನ್ ಸಮಾಚಾರ?" "ಏನಿಲ್ಲ, ಎಲ್ಲಾ ಅಂಗೇ ಐತೆ." ಮನೆ, ಮಕ್ಕಳು, ಮಂಡಿನೋವು, ಸೊಸೆ, ಇಷ್ಟೂ ಆ ಎರಡು ಮಾತಿನಲ್ಲಿ ಅಡಗಿರುತ್ತವೆ. ಆಮೇಲೆ ಬದಲಾದ ಒಂದೇ ಒಂದು ಸಂಗತಿಯನ್ನು, ಅಂದರೆ ಸೊಸೆ ಹೊಸದಾಗಿ ಏನೆಂದಳು ಎಂಬುದನ್ನು, ಮುಕ್ಕಾಲು ಗಂಟೆ ಮಾತಾಡುತ್ತಾರೆ. ನಮ್ಮ ಯಂತ್ರವೂ ಹೀಗೆಯೇ. ಗೋಡೆ ಹಾಗೇ ಇದೆ, ಕುರ್ಚಿ ಹಾಗೇ ಇದೆ, ತುಟಿ ಮಾತ್ರ ಅಲುಗಿತು ಎಂದು ವರದಿ ಕಳಿಸುತ್ತದೆ. ಅಲುಗಿದ್ದು ಎಲ್ಲಿಗೆ ಸರಿಯಿತು ಎಂದು ಹಿಂದಿನ ಚಿತ್ರ ನೋಡಿ ಊಹೆ ಮಾಡುತ್ತದೆ. ಈ ಲೆಕ್ಕದಲ್ಲಿ ಸಂಜೆಯ ಹೊತ್ತು ಹೆಬ್ಬಾಳದ ಮೇಲ್ಸೇತುವೆಯ ಚಿತ್ರವನ್ನು ಕಳಿಸುವಷ್ಟು ಸುಲಭವಾದ ಕೆಲಸ ಜಗತ್ತಿನಲ್ಲೇ ಬೇರೆ ಇಲ್ಲ. ಒಂದು ಸಲ ಕಳಿಸಿದರೆ ಮುಗಿಯಿತು, ಏನೂ ಕದಲುವುದಿಲ್ಲ.

ಹಿಂಡಿದ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ನಮ್ಮ ಆಫೀಸಿನಲ್ಲಿ ಬೂದು ಬಣ್ಣದ ಗೋಡೆಯ ಒಂದು ಕೋಣೆ ಇದೆ. ಹೊರಗಿನ ಸಾಮಾನ್ಯ ಜನರನ್ನು ಕರೆಸಿ, ಅಳೆದ ದೂರದಲ್ಲಿ ಕೂರಿಸಿ, ಮೂಲ ಚಿತ್ರ ಒಮ್ಮೆ, ಹಿಂಡಿದ್ದು ಒಮ್ಮೆ ತೋರಿಸಿ ಅಂಕ ಕೇಳುತ್ತೇವೆ. ಒಮ್ಮೆ ಜನ ಸಾಲದೆ ನಾನು ಅಮ್ಮನನ್ನೇ ಕರೆದುಕೊಂಡು ಹೋದೆ. ಒಂದು ಧಾರಾವಾಹಿಯ ತುಣುಕು ಹಾಕಿದರು. ಅಮ್ಮ ಮೂಲ ಚಿತ್ರಕ್ಕೂ ಅತಿ ಕಡಿಮೆ ಅಂಕ ಕೊಟ್ಟಳು, ಹಿಂಡಿದ್ದಕ್ಕೂ ಅಷ್ಟೇ ಕೊಟ್ಟಳು. ನಮ್ಮ ಮ್ಯಾನೇಜರಿಗೆ ಗಾಬರಿಯಾಯಿತು. ಏನು ದೋಷ ಕಂಡಿತೆಂದು ವಿನಯದಿಂದ ವಿಚಾರಿಸಿದರೆ, "ಆ ಉಡ್ಗಿ ಅತ್ತೆ ಮುಂದೆ ಕಾಲ್ ಮೇಲೆ ಕಾಲಾಕ್ಕೊಂಡ್ ಕೂತವ್ಳೆ. ಅವ್ಳಿಗ್ಯಾವ ಸೀಮೆ ಅಂಕ ಕೊಡೋದು?" ಎಂದಳು. ಆ ಬಳಿಕ ನೌಕರರ ಬಂಧುಗಳನ್ನು ಕರೆಸಬಾರದೆಂದು ನಿಯಮವಾಯಿತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಹೋದ ವರ್ಷ ಈ ವಿದ್ಯೆ ಮೊಟ್ಟಮೊದಲ ಸಲ ನಮ್ಮ ಮನೆಯ ಉಪಯೋಗಕ್ಕೆ ಬಂತು. ಬಂತು ಎಂದು ನಾನಂದುಕೊಂಡೆ.

ಚನ್ನಪ್ಪ ಮಾವನಿಗೆ ಒಬ್ಬಳೇ ಮಗಳು, ಪವಿತ್ರ. ಅವಳು ಇನ್ನೂ ಸ್ಕೂಲಿಗೆ ಹೋಗುವಾಗಲೇ ಅತ್ತೆ ತೀರಿಕೊಂಡಳು. ಜಡೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ಮಾವನೇ ಕಲಿತ. ಜಡೆ ಸದಾ ಎಡಕ್ಕೆ ವಾಲಿರುತ್ತಿತ್ತು, ಆದರೆ ಒಂದು ದಿನವೂ ತಪ್ಪಲಿಲ್ಲ. ಆ ಪವಿತ್ರಳ ಮದುವೆ ಗೊತ್ತಾಯಿತು. ಮದುವೆಗೆ ಎರಡು ದಿನ ಮುಂಚೆ ಮನೆ ಮುಂದೆ ಹಸಿರು ಚಪ್ಪರ. ಚಪ್ಪರಕ್ಕೆ ಮೊದಲ ನೇರಳೆ ಕೊಂಬೆಯನ್ನು ಮನೆಯ ಯಜಮಾನನೇ ಕಟ್ಟಬೇಕೆಂಬುದು ನಮ್ಮಲ್ಲಿನ ಪದ್ಧತಿ. ಕೆಳಗಿನ ಕಂಬಕ್ಕೆ ಕಟ್ಟಿದರೂ ನಡೆಯುತ್ತದೆ. ಮಾವ ಕೇಳಲಿಲ್ಲ, ಸ್ಟೂಲು ಹತ್ತಿದ. ಸ್ಟೂಲಿನ ಒಂದು ಕಾಲು ಆಗಷ್ಟೇ ಹಾಕಿದ್ದ ರಂಗೋಲಿಯ ಮೇಲಿತ್ತು, ಜಾರಿತು. ಮಾವನ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು.

ಮರುದಿನವೇ ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎದ್ದು ಕೂರುವ ಮಾತೇ ಇಲ್ಲವೆಂದರು ಡಾಕ್ಟರು. ಪವಿತ್ರ ಮದುವೆ ಮುಂದಕ್ಕೆ ಹಾಕೋಣವೆಂದು ಹಟ ಹಿಡಿದಳು. ಅರಿಶಿನ ಹಚ್ಚಿಯಾಗಿದೆ, ಹಚ್ಚಿದ ಮೇಲೆ ನಿಲ್ಲಿಸಬಾರದು ಎಂದು ಹಿರಿಯರು ತಲೆ ಕೊಡವಿದರು. ಮಾವ ಮಲಗಿದಲ್ಲಿಂದಲೇ ತೀರ್ಪು ಕೊಟ್ಟ: "ಮದ್ವೆ ನಿಲ್ಲಿಸ್ಬ್ಯಾಡಿ. ಧಾರೆ ನನ್ ತಮ್ಮನ ಕೈಲಿ ಎರೆಸಿ." ತನ್ನ ದೊಡ್ಡಪ್ಪನ ಮಗನನ್ನು ಅವನು ತಮ್ಮ ಎನ್ನುವುದು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಆದ್ರೆ ತಾಳಿ ಕಟ್ಟೋದನ್ನ ನಾನ್ ನೋಡ್ಬೇಕು ಮಂಜು. ಅವ್ರಮ್ಮ ಇದ್ದಿದ್ರೆ ಇಬ್ರಲ್ಲಿ ಒಬ್ರಾದ್ರೂ ನೋಡ್ತಿದ್ವಿ. ಈಗ ಇಬ್ರದ್ದೂ ನಾನೊಬ್ನೇ ನೋಡ್ಬೇಕು."

"ಫೋಟೋದವ್ರ ವಿಡಿಯೊ ಬರುತ್ತಲ್ಲ ಮಾವ" ಎಂದು ಯಾರೋ ಸಮಾಧಾನ ಹೇಳಿದರು. ಮದುವೆಯ ವಿಡಿಯೊ ಕೈಗೆ ಬರುವಷ್ಟರಲ್ಲಿ ಸೀಮಂತವೂ ಬಂದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಾವ ಅವರ ಕಡೆ ನೋಡಲೂ ಇಲ್ಲ. "ಮೂರ್ತದ ಒತ್ನಲ್ಲಿ ನೋಡ್ಬೇಕು. ಆಮೇಲ್ ನೋಡೋದು ನೋಡೋದಾ?" ಎಂದ.

"ಸುಮ್ನೆ ಫೋನಲ್ಲಿ ವಿಡಿಯೊ ಕಾಲ್ ಮಾಡು ಮಗಾ, ಆಯ್ತು" ಎಂದ ಒಬ್ಬ ದಾಯಾದಿ. ನನಗೆ ಅವಮಾನವಾಯಿತು. ಹಲ್ವಾಯಿಯ ಮನೆಗೆ ಅಂಗಡಿಯ ಮೈಸೂರುಪಾಕು ತರುತ್ತಾರೆಯೇ? ಮದುವೆಗೆ ಗೊತ್ತುಮಾಡಿದ್ದ ಕಲ್ಯಾಣಮಂಟಪ ದೊಡ್ಡಬಳ್ಳಾಪುರ ರಸ್ತೆಯಲ್ಲಿದೆ. ಗೋಡೆ ದಪ್ಪ, ನೆಟ್‌ವರ್ಕ್ ತೆಳು. ಇದ್ದ ಅಷ್ಟರಲ್ಲೇ ಬಂದ ನೆಂಟರೆಲ್ಲ ಫೋನು ಉಜ್ಜುತ್ತಿರುತ್ತಾರೆ. ಅಂಥ ಕೂದಲೆಳೆಯ ದಾರಿಯಲ್ಲೂ ಅಂದವಾದ ಚಿತ್ರ ತೂರಿಸುವ ಹೊಸ ಸಾಫ್ಟ್‌ವೇರನ್ನು ಅದೇ ತಾನೇ ಸಿದ್ಧಪಡಿಸಿ ನಾನು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ ಕಾಲ ಅದು. ವಿದೇಶದ ಉದ್ಯಾನದಲ್ಲಿ ಓಡುವವರು, ಕೊಳದಿಂದ ಹಾರುವ ಬಾತುಗಳು, ಜಲಪಾತ, ಎಲ್ಲವನ್ನೂ ಅದರ ಮೇಲೆ ಪರೀಕ್ಷಿಸಿದ್ದೆವು. "ಯೋಚ್ನೆ ಮಾಡ್ಬೇಡ ಮಾವ, ನಿನ್ ಮುಂದೇನೇ ಮದ್ವೆ ನಡೆದಂಗಿರುತ್ತೆ" ಎಂದು ಮಾತು ಕೊಟ್ಟೆ. ಆ ಮಾತಿನ ಮೇಲೆ ಪವಿತ್ರ ಹಸೆಮಣೆ ಏರಲು ಒಪ್ಪಿದಳು.

ಮದುವೆಯ ಬೆಳಿಗ್ಗೆ ಅಮ್ಮ ಮಂಟಪಕ್ಕೆ ಬರಲಿಲ್ಲ. ತಮ್ಮನ ಪಕ್ಕ ಕೂರುತ್ತೇನೆಂದು ರೇಷ್ಮೆ ಸೀರೆ ಉಟ್ಟುಕೊಂಡೇ ಆಸ್ಪತ್ರೆಗೆ ಹೋದಳು. ಅಲ್ಲಿ ಮಾವನ ಹಾಸಿಗೆಯ ಎದುರು ಟ್ಯಾಬ್ ನಿಲ್ಲಿಸಿ ಬಂದಿದ್ದೆ. ಇಲ್ಲಿ ಮಂಟಪದ ಎದುರು ನನ್ನ ಕ್ಯಾಮೆರಾ, ಪಕ್ಕದಲ್ಲಿ ಲ್ಯಾಪ್‌ಟಾಪ್. ಫೋಟೋದವರ ಆಳೊಬ್ಬ ನನ್ನನ್ನು ತಮ್ಮ ಪ್ರತಿಸ್ಪರ್ಧಿಯೆಂದು ತಿಳಿದು ಮೊಣಕೈಯಲ್ಲಿ ತಿವಿಯುತ್ತಿದ್ದ. ಅಮ್ಮನಿಗೆ ಫೋನು ಮಾಡಿದರೆ, "ಏನ್ ಚೆನ್ನಾಗ್ ಕಾಣ್ತೈತೆ ಕಣೋ! ಪುರೋಯಿತ್ರ ಮೂಗಿನ್ ಮೇಲಿನ ಬೆವ್ರೂ ಕಾಣ್ತೈತೆ" ಎಂದಳು. ಜೀವಮಾನದಲ್ಲಿ ಅಮ್ಮನಿಂದ ನನಗೆ ಸಿಕ್ಕ ಮೊದಲ ಒಳ್ಳೆಯ ಅಂಕ ಅದು. ಹೋಮದ ಹೊಗೆ ಎದ್ದಾಗ ಚಿತ್ರ ಸ್ವಲ್ಪ ಕೆಮ್ಮಿತು, ನಾನು ಗಮನ ಕೊಡಲಿಲ್ಲ.

ಮುಹೂರ್ತ ಬಂತು. ಪುರೋಹಿತರು ಕೈ ಎತ್ತಿ, "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದರು. ಓಲಗದವರು ಉಸಿರು ಬಿಗಿಹಿಡಿದು ಊದಿದರು. ವರ ತಾಳಿ ಎತ್ತಿಕೊಂಡ. ಆಗ ಛತ್ರದ ಜನರೆಲ್ಲ ಎದ್ದು ನಿಂತು ಅಕ್ಷತೆ ಎರಚಿದರು.

ಅಕ್ಷತೆಯನ್ನು ನಮ್ಮ ಆಫೀಸಿನಲ್ಲಿ ಯಾರೂ ಪರೀಕ್ಷಿಸಿರಲಿಲ್ಲ. ಬಾತುಕೋಳಿಗಾದರೂ ಒಂದು ದಿಕ್ಕಿದೆ, ಜಲಪಾತವಾದರೂ ಕೆಳಕ್ಕೇ ಬೀಳುತ್ತದೆ. ನಮ್ಮವರ ಆಶೀರ್ವಾದಕ್ಕೆ ಅಂಥ ಕಟ್ಟುಪಾಡಿಲ್ಲ. ಮುಂದಿನ ಸಾಲಿನವರು ಮೆಲ್ಲಗೆ ಉದುರಿಸುತ್ತಾರೆ. ಹಿಂದಿನ ಸಾಲಿನವರು ತಮ್ಮದು ವೇದಿಕೆ ತಲುಪಲೆಂದು ತೋಳು ಬೀಸಿ ಎಸೆಯುತ್ತಾರೆ, ಅದು ಮುಂದಿನವರ ಬೆನ್ನಿಗೆ ಬಿದ್ದು ಪುಟಿಯುತ್ತದೆ. ಒಂದೊಂದು ಕಾಳೂ ಒಂದೊಂದು ದಾರಿ. ಅದರ ಜೊತೆಗೆ ಈಗಿನ ಶೋಕಿಯಂತೆ ಮೇಲಿನಿಂದ ಹೂವಿನ ಎಸಳು, ಪಕ್ಕದಿಂದ ಢಬ್ಬೆಂದು ಹಾರಿಸಿದ ಮಿರುಗು ಕಾಗದದ ಚೂರು. ಹಿಂದಿನ ಚಿತ್ರ ನೋಡಿ ಊಹೆ ಮಾಡುವ ಯಂತ್ರ ಏನೆಂದು ಊಹಿಸೀತು? ಪರದೆಯಲ್ಲಿ ಎಲ್ಲವೂ ಬದಲಾಯಿತು, ಎಲ್ಲವನ್ನೂ ಕಳಿಸಬೇಕಾಯಿತು, ಕಳಿಸಲು ದಾರಿಯಿಲ್ಲ. ನನ್ನ ಸಾಫ್ಟ್‌ವೇರು ತನಗೆ ಕಲಿಸಿದ್ದನ್ನು ಮಾಡಿತು: ಅಷ್ಟೂ ಅಕ್ಕಿಕಾಳುಗಳನ್ನು ಉಳಿಸಿಕೊಳ್ಳಲು ಹೋಗಿ ಹೆಣ್ಣು ಗಂಡನ್ನು ಬಿಟ್ಟುಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ಪವಿತ್ರಳ ಮುಖವಿದ್ದ ಕಡೆ ಗೋಧಿಬಣ್ಣದ ನಾಲ್ಕಾರು ಇಟ್ಟಿಗೆ, ವರನ ಕೈ ಇದ್ದ ಕಡೆ ಹಳದಿ ಚೌಕ. ತಾಳಿ ಎಲ್ಲಿದೆಯೋ ದೇವರಿಗೇ ಗೊತ್ತು.

ನಾನು ಹುಚ್ಚನಂತೆ ಕೀಲಿಗಳನ್ನು ಒತ್ತಿದೆ. ಅದನ್ನು ತಗ್ಗಿಸಿದೆ, ಇದನ್ನು ಏರಿಸಿದೆ. ಓಲಗ ನಿಂತಿತು, ಅಕ್ಷತೆ ನೆಲ ಸೇರಿತು, ಚಿತ್ರ ಕನ್ನಡಿಯಂತೆ ತಿಳಿಯಾಯಿತು. ತಲೆಯೆತ್ತಿದರೆ ಪವಿತ್ರಳ ಕೊರಳಲ್ಲಿ ತಾಳಿ ಇತ್ತು. ಅವಳಿಂದ ಹತ್ತು ಹೆಜ್ಜೆಯೂ ದೂರವಿರದ, ಎರಡೂ ಕಣ್ಣು ನೆಟ್ಟಗಿರುವ ನಾನು ಕೂಡ ತಾಳಿ ಕಟ್ಟಿದ್ದನ್ನು ನೋಡಲಿಲ್ಲ.

ಅಮ್ಮನಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಅವಳೂ ಮಾಡಲಿಲ್ಲ. ಅದೇ ನನಗೆ ಉತ್ತರವೆನಿಸಿತು. ದುಃಖದಲ್ಲಿ ಒಬ್ಬಟ್ಟು ಗಂಟಲಲ್ಲಿ ಇಳಿಯಲಿಲ್ಲ, ತುಪ್ಪ ಹಾಕಿಸಿಕೊಂಡು ಎರಡನೆಯದನ್ನು ಹೇಗೋ ಇಳಿಸಿದೆ. ಒಬ್ಬ ಮನುಷ್ಯ ಜೀವನದಲ್ಲಿ ನನ್ನನ್ನು ಒಂದೇ ಒಂದು ಚಿತ್ರ ಕೇಳಿದ್ದ. ಊರಿಗೆಲ್ಲ ಚಿತ್ರ ಹಂಚುವ ನಾನು ಅದನ್ನೇ ಕಳಿಸಲಾರದೆ ಹೋದೆ.

ಊಟ ಮುಗಿಯುತ್ತಲೇ ಮದುಮಕ್ಕಳನ್ನು ಬಾಸಿಂಗ ಬಿಚ್ಚದೆ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ಹೂವು ಕಟ್ಟಿದ ಕಾರು ಹೆಬ್ಬಾಳದಲ್ಲಿ ಎಂದಿನಂತೆ ನಿಂತಿತು. ಹಿಂದಿನ ಸೀಟಿನಿಂದ ಪವಿತ್ರ ಕೇಳಿದಳು, "ಭಾವ, ಅಪ್ಪ ನೋಡಿದ್ರಂತಾ?"

"ಹೋಗಿ ಅವನನ್ನೇ ಕೇಳೋಣ" ಎಂದೆ. ಟ್ರಾಫಿಕ್ ಇನ್ನಷ್ಟು ಹೊತ್ತು ಕದಲದಿರಲಿ ಎಂದು ಹಾರೈಸಿದ ಪ್ರಯಾಣಿಕ ಆ ಜಂಕ್ಷನ್ನಿನ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು.

ವಾರ್ಡಿನಲ್ಲಿ ಮಾವ ಅಂಗಾತ ಮಲಗಿದ್ದ. ಅಮ್ಮ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಪವಿತ್ರ ಓಡಿಹೋಗಿ ಅವನ ಕೈ ಹಿಡಿದುಕೊಂಡಳು. "ಅಪ್ಪಾ, ಕಾಣಿಸ್ತಾ? ನೋಡಿದ್ಯಾ?"

"ಕಾಣ್ದೇ ಏನು? ಎಲ್ಲಾ ಕಾಣಿಸ್ತು ಮಗಾ. ಬಲ್ ಚೆನ್ನಾಗಿತ್ತು" ಎಂದ ಮಾವ. ಪವಿತ್ರ ಅವನ ಅಂಗೈಗೆ ಮುಖ ಒತ್ತಿ ಅತ್ತಳು. ಅಳಿಯ ಕಾಲು ಮುಟ್ಟಿದ. ಇಷ್ಟು ಜನ ಇರಬಾರದೆಂದು ನರ್ಸು ಬಂದು ರೇಗಿದರು. ಮದುಮಕ್ಕಳು ಹೊರಟರು. ನಾನೂ ಜಾರಿಕೊಳ್ಳಲು ನೋಡಿದೆ.

"ನೀನ್ ಇರು" ಎಂದ ಮಾವ. "ಬಾಗ್ಲು ಮುಂದಕ್ಕಾಕು."

ಬಾಗಿಲು ಮುಂದಕ್ಕೆ ಹಾಕಿ ಬಂದು ನಿಂತೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ವಿವರಣೆ ಬಾಯಲ್ಲಿತ್ತು. "ಮಾವ, ಅದೇನಾಯ್ತು ಅಂದ್ರೆ, ಅಕ್ಷತೆ..."

"ಮೊದ್ಲು ನಾನ್ ಏಳೋದ್ ಕೇಳು. ಬೇಜಾರ್ ಮಾಡ್ಕೋಬ್ಯಾಡ." ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನೀನು ಅಷ್ಟ್ ಕಷ್ಟ ಬಿದ್ದು ಕಳ್ಸಿದ್ದೆ. ಗಟ್ಟಿಮೇಳ ಅಂದಿದ್ದೇ ತಡ, ನನ್ ಕಣ್ಣು ತುಂಬ್ಕೊಂಡ್ಬಿಡ್ತು ಕಣೋ. ಒಂದೂ ಕಾಣ್ಲಿಲ್ಲ. ಒರೆಸ್ಕೊಂಡ್ ನೋಡೋಷ್ಟ್ರಲ್ಲಿ ತಾಳಿ ಕಟ್ಟಿ ಆಗೋಗಿತ್ತು. ಅವ್ಳಿಗ್ ಏಳ್ಬ್ಯಾಡ."

ನಾನು ಅಮ್ಮನ ಕಡೆ ನೋಡಿದೆ. "ನನ್ಯಾಕ್ ನೋಡ್ತೀಯ?" ಎಂದಳು ಅವಳು, ಕಿತ್ತಳೆಯ ನಾರು ಬಿಡಿಸುತ್ತಾ. "ನಾನ್ ಇವ್ನ ಮುಖಾನೇ ನೋಡ್ತಾ ಕೂತಿದ್ದೆ."

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ನೆಮ್ಮದಿ. ನಾಚಿಕೆ ಆಮೇಲೆ ಬಂತು. ಮನುಷ್ಯನ ಕಣ್ಣಿನ ಮಿತಿಗಳ ಬಗ್ಗೆ ಇಷ್ಟು ವರ್ಷ ಓದಿದ ಯಾವ ಪುಸ್ತಕದಲ್ಲೂ ಇದರ ಪ್ರಸ್ತಾಪ ಇರಲಿಲ್ಲ. ಬಾಯಲ್ಲಿದ್ದ ವಿವರಣೆಯನ್ನು ನುಂಗಿಕೊಂಡೆ.

"ಅದ್ನ ಇಟ್ಕೊಂಡಿರ್ತೀಯಲ್ಲ?" ಎಂದ ಮಾವ. "ಆ ಜಾಗ ಇನ್ನೊಂದ್ಸಲ ಆಕು. ಈಗ ಮನಸ್ಸು ಗಟ್ಟಿ ಮಾಡ್ಕೊಂಡ್ ನೋಡ್ತೀನಿ."

ಕ್ಯಾಮೆರಾದ ಮೂಲ ಚಿತ್ರವನ್ನು ನಾನು ಇಟ್ಟುಕೊಂಡಿರಲಿಲ್ಲ; ನನ್ನ ಹತ್ತಿರ ಉಳಿದಿದ್ದದ್ದು ಹಿಂಡಿ ಕಳಿಸಿದ್ದೇ, ಅಂದರೆ ಇಟ್ಟಿಗೆಗಳೇ. ಅಲ್ಲಿ ನೋಡುವುದಕ್ಕೆ ಏನೂ ಇಲ್ಲ ಮಾವ ಎಂದು ಹೇಳಬೇಕಿತ್ತು. ಅವನ ಮುಖ ನೋಡಿ ಹೇಳಲಾಗಲಿಲ್ಲ. ಟ್ಯಾಬ್ ಎತ್ತಿ ಹಿಡಿದು ಹಾಕಿದೆ. ಪುರೋಹಿತರ ಮಂತ್ರ ಬಂತು, ಅವರ ಕೈ ಮೇಲೆದ್ದಿತು, ಗಟ್ಟಿಮೇಳ ಎಂದರು, ಓಲಗ ಏರಿತು. ಪರದೆಯನ್ನು ನೋಡಲಾರದೆ ನಾನು ಮಾವನನ್ನೇ ನೋಡಿದೆ. ಮೊದಲ ಅಕ್ಷತೆಯ ಕಾಳು ಹಾರುವ ಮುಂಚೆಯೇ ಅವನ ಗಲ್ಲ ನಡುಗಿ ಕಣ್ಣು ತುಂಬಿದವು. ಚಿತ್ರ ಒಡೆಯಿತು. ಅವನು ಹೊದಿಕೆಯ ಅಂಚಿನಿಂದ ಕಣ್ಣೊರೆಸಿಕೊಂಡು ನೋಡುವ ಹೊತ್ತಿಗೆ ಎಲ್ಲ ತಿಳಿಯಾಗಿ, ತಲೆಯ ತುಂಬ ಅಕ್ಕಿಕಾಳು ತುಂಬಿಕೊಂಡ ಪವಿತ್ರ ತಾಳಿಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಥೂ, ಮತ್ತೆ ತಪ್ಪೋಯ್ತಲ್ಲೋ" ಎಂದು ಮಾವ ನಕ್ಕ. "ಇನ್ನೊಂದ್ಸಲ ಆಕು."

ಹಾಕಿದೆ.